ಹನ್ನೊಂದನೇ ನಂಬರು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಮಹಡಿ ಮೇಲಿನ ಟ್ಯೂಷನ್ ರೂಮು.
ಕಿಟಕಿ ಮುಚ್ಚಿದರೂ ಬೆಂದ ಹುಳುವಿನ ವಾಸನೆ
ಒಳಗೇ ಇರುತ್ತದೆ. ನಮಗೆ ಗೊತ್ತಾಗುವುದಿಲ್ಲ,
ಹೊರಗಿನವರು ಬಂದು ಹೇಳಬೇಕು.

ಮೂವರು ತೀರ್ಪುಗಾರರು, ಹದಿನೇಳು ಹಾಡು.
ಹಾಡೆಂದರೆ ಹಾಡಲ್ಲ, ಮಾತಿಲ್ಲ ಅದಕ್ಕೆ;
ಹಳೇ ಟೀವಿ ಗೇಮಿನ ಮೂರನೇ ಮಟ್ಟದಲ್ಲಿ
ಗುಹೆಯೊಳಗೆ ಓಡುವಾಗ ಬರುತ್ತಿದ್ದ ಮಟ್ಟು.
ಅದನ್ನೇ ಅವರವರ ಕೈಗೆ ಒಗ್ಗಿದ ವಾದ್ಯದಲ್ಲಿ
ಹೊಸದಾಗಿ ಕಟ್ಟಿ ಕಳಿಸಿದ್ದಾರೆ.
ಹೆಸರಿಲ್ಲ. ಬರೀ ನಂಬರು.
ಮೂಲಕ್ಕೆ ನಿಷ್ಠೆ ಹತ್ತು, ಹೊಸತನ ಹತ್ತು,
ಮುಕ್ತಾಯಕ್ಕೆ ಐದು.

ಎರಡನೆಯದು ವೀಣೆ. ಚೆಂದ. ಬಹಳ ಚೆಂದ.
ಆ ಚೆಂದಕ್ಕೆ ಗುಹೆಯಲ್ಲಿ ಓಡುತ್ತಿದ್ದವನು
ನಿಂತು ಚಪ್ಪಲಿ ಬಿಟ್ಟ.
ಐದರಲ್ಲಿ ತಮಟೆ: ಪಿಳ್ಳಪ್ಪ ಮೇಷ್ಟ್ರ ಮೊಣಕಾಲು
ಅವರನ್ನು ಕೇಳದೆ ಕುಣಿಯಿತು,
ಅಂಕ ಮಾತ್ರ ಕೈ ಬಿಗಿ ಹಿಡಿದು ಆರೇ.
ಎಂಟರಲ್ಲಿ ನಲವತ್ತು ಪಿಟೀಲು,
ಒಂದಕ್ಕೂ ತಂತಿಯಿಲ್ಲ.

ಬ್ಯಾಂಡ್‌ಸೆಟ್ಟಿನಲ್ಲಿ ಮೂವತ್ತು ವರ್ಷ
ಕ್ಲಾರಿಯೋನೆಟ್ ಊದಿದವರು ಪಿಳ್ಳಪ್ಪ ಮೇಷ್ಟ್ರು:
“ಈ ಮಟ್ಟು ಮಾಡಿದೋನು ಒಂದಿನಾನೂ ಊದಿದೋನಲ್ಲ ಕಣಪ್ಪ,
ಉಸಿರು ತಗೊಳ್ಳಾಕೆ ಒಂದ್ಕಡೇನೂ ಜಾಗ ಬಿಟ್ಟಿಲ್ಲ.”
ನಾವು ಊದುತ್ತಿದ್ದೆವು ಮೇಷ್ಟ್ರೇ,
ಕ್ಯಾಸೆಟ್ಟಿನ ಬುಡಕ್ಕೆ,
ಧೂಳು ಹಾರಿ ಪರದೆ ಹತ್ತಿಕೊಳ್ಳಲೆಂದು.
ನಮ್ಮ ಸಂಗೀತಾಭ್ಯಾಸ ಅಷ್ಟೇ.

ಹನ್ನೊಂದು. ಹಾರ್ಮೋನಿಯಂ.
ತಿದಿಯಲ್ಲೆಲ್ಲೋ ಸಣ್ಣ ತೂತು,
ಸ್ವರದ ಹಿಂದೆ ಗಾಳಿಯೂ ನಡೆದು ಬರುತ್ತದೆ.
ಗುಹೆಯ ಬಾಗಿಲು ದಾಟುವ ಕಡೆ
ಒಂದೇ ಸ್ವರ ಮೂರು ಸಲ ತಡವರಿಸಿ
ಅರ್ಧ ತಾಳ ನುಂಗಿ ಆಚೆ ಹಾರಿತು.

ನೌಷೀನ್ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ:
“ಎಡವಿದ್ದಾರೆ. ಮೂಲದಲ್ಲಿ ಹೀಗಿಲ್ಲ.
ನಿಷ್ಠೆಯಲ್ಲಿ ಮೂರು ಕಳೀರಿ.”

ಮೂಲದಲ್ಲಿ ಹೀಗಿಲ್ಲ, ನಿಜ.
ಇದಾಯತಣ್ಣನ ಅಂಗಡಿಯಲ್ಲಿ ಹೀಗಿತ್ತು.
ರೂಪಾಯಿಗೆ ಹತ್ತು ನಿಮಿಷ, ಹಳದಿ ಕ್ಯಾಸೆಟ್ಟು,
ಯಾರೋ ಅದರ ಮೇಲೆ ಚಹಾ ಚೆಲ್ಲಿದ ದಿನದಿಂದ
ಆ ಬಾಗಿಲಲ್ಲಿ ಮಟ್ಟು ಮುಗ್ಗರಿಸುತ್ತಿತ್ತು.
ನಮಗೆ ಅದೇ ಮಟ್ಟು.
ಫಿಲೇಚರಿನ ಬಿಸಿನೀರಿಗೆ ಕೈಯಿಳಿಸಿ
ಎಳೆ ಹುಡುಕುತ್ತಿದ್ದ ಹುಡುಗರು
ಮುಗ್ಗರಿಕೆ ಸಮೇತ ಗುನುಗುತ್ತಿದ್ದರು,
ಎಳೆ ಹರಿದರೆ ಮತ್ತೆ ಸಿಕ್ಕಿಸಿ
ಹಾಡೂ ಅಲ್ಲಿಂದಲೇ ಮುಂದಕ್ಕೆ.
ಚಿಂತಾಮಣಿಯ ನೆಂಟರ ಮನೆಯಲ್ಲಿ ಒಮ್ಮೆ
ನೆಟ್ಟಗಿನ ಮಟ್ಟು ಕೇಳಿ, ಹತ್ತು ವರ್ಷದ ನಾನು
“ನಿಮ್ ಕ್ಯಾಸೆಟ್ ಕೆಟ್ಟಿದೆ” ಎಂದಿದ್ದೆ.

ಹಾರ್ಮೋನಿಯಂ ಎರಡನೇ ಸುತ್ತಿಗೆ ಹೊರಟು
ನಡುಮಧ್ಯ, ಏರುತ್ತಿರುವ ಸ್ವರದ ಮೇಲೆಯೇ,
ಪಟ್ ಎಂದು ಕಡಿದುಹೋಯಿತು.
“ಮುಕ್ತಾಯಾನೇ ಇಲ್ಲ,” ನೌಷೀನ್ ಸೊನ್ನೆ ಸುತ್ತಿದಳು.
ತಪ್ಪು ಅವಳದಲ್ಲ.
ಆ ಮಟ್ಟಿಗೆ ಕೊನೆಯಿತ್ತೇ ಎಂದು
ನಮ್ಮಲ್ಲಿ ಯಾರೂ ತಿಳಿದವರಲ್ಲ.
ಒಂದೋ ಸಾಯುತ್ತಿದ್ದೆವು,
ಇಲ್ಲ ಇದಾಯತಣ್ಣ ಕೂತಲ್ಲಿಂದಲೇ ಕೈ ಚಾಚಿ
ಸ್ವಿಚ್ ಆರಿಸುತ್ತಿದ್ದ: “ಟೈಮಾಯ್ತು, ಏಳು.”

ಪೆನ್ನು ಕೆಳಗಿಟ್ಟೆ.
ಈ ನಂಬರಿಗೆ ನಾನು ಅಂಕ ಹಾಕುವುದು ಸರಿಯಲ್ಲ.
“ಗುರುತಿನವರಾ?”
ಹೌದು.
“ಯಾರು?”
ಎದುರಿನ ಬೆಂಚು, ಪಕ್ಕದ ಬೆಂಚು,
ಸರದಿಗೆ ಕಾಯುತ್ತ ನನ್ನ ಹೆಗಲ ಮೇಲಿಂದ
ಬಗ್ಗಿ ನೋಡುತ್ತಿದ್ದ ಬಿಸಿ ಉಸಿರುಗಳು,
ಬಿಸಿನೀರಿಗೆ ಬಿಳಿಚಿ ಸುಕ್ಕಾದ ಬೆರಳುಗಳು.
“ಯಾರು ಸಾರ್?”
ಗೊತ್ತಿಲ್ಲ.

ಪಿಳ್ಳಪ್ಪ ಮೇಷ್ಟ್ರು ಕನ್ನಡಕ ಒರೆಸುತ್ತ
“ಇನ್ನೊಂದ್ಸಲ ಹಾಕಮ್ಮ,” ಎಂದರು,
“ಅಲ್ಲಿ, ಆ ಎಡವೋ ಕಡೆ,
ಉಸಿರು ತಗೊಳ್ಳಾಕೆ ಜಾಗ ಐತೆ.”