ಮೂರನೇ ಬಾಟ್ಲಿ

ಗಂಗಾವತಿಯ ಕನಕಗಿರಿ ರಸ್ತೆಯ ರೈಸ್ ಮಿಲ್ಲಿಗೆ
ಅಕ್ಕಿಯ ಬಣ್ಣ ಆರಿಸುವ ಯಂತ್ರ ಕೂರಿಸಲು ಬಂದ ದುವಾರ್ತೆ
ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ಬಿಚ್ಚಿದ:
ಪೋರ್ಚುಗಲ್ಲಿನ ಮೂರು ಬಾಟ್ಲಿ, ಸಾಕ್ಸಿನೊಳಗೆ ಸುತ್ತಿದವು.
ಕಾಟಾದ ಪಕ್ಕ ತಟ್ಟು ಹಾಸಿ ಕೂತೆವು,
ಅವನು, ಲೆಕ್ಕ ಬರೆಯುವ ನಾನು,
ಮತ್ತೆ ಮೌಲಾಸಾಬ.

ಮೌಲಾಸಾಬ ಅಂದರೆ ನಮ್ಮ ಮಿಲ್ಲಿನ ಮೂಗು.
ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈಗೆ ನಾಲ್ಕು ಕಾಳು ಸುರುವಿ,
ಉಫ್ ಅಂತ ಊದಿ, ಮೂಸಿ, ಹಲ್ಲಿಗಿಟ್ಟು ಟಕ್ಕೆನಿಸಿ
ಯಾವ ಕಾಲುವೆಯ ನೀರು, ಎಷ್ಟು ದಿನ ಕಣದಲ್ಲಿತ್ತು,
ಯಾವ ರಾತ್ರಿ ಇಬ್ಬನಿ ಕುಡಿಯಿತು, ಎಲ್ಲ ಹೇಳುವವನು.
ತಾನು ಕುಡಿಯುವವನಲ್ಲ.
"ಮೂಸೋದಕ್ಕೇನು ಗುನ್ಹೆ ಇಲ್ಲ" ಅಂತ
ಚಹದ ಗ್ಲಾಸು ಮುಂದೆ ನೂಕಿದ.

ಮೊದಲನೆಯದು ಹಸಿರು ವೈನಂತೆ. ನೋಡಿದರೆ ಬಿಳಿ.
ಬಿಳಿಯೂ ಅಲ್ಲ, ಗಂಜಿ ತಿಳಿಯ ಬಣ್ಣ.
ನಾಲಿಗೆಗೆ ಸೂಜಿಮೊನೆಯಷ್ಟು ಗುಳ್ಳೆ, ಆಮೇಲೆ ನಿಂಬೆಸಿಪ್ಪೆ,
ಕಡೆಗೆ ಎಲ್ಲಿಂದಲೋ ಉಪ್ಪು.
"ಸಮುದ್ರ ಹತ್ತಿರ" ಅಂದ ದುವಾರ್ತೆ.
ಕಡಲು ಕಾಣದ ಮೌಲಾಸಾಬ
"ಮಾವಿನ ಮಿಡಿ ಒಡದಂಗೈತಿ" ಅಂದ.
ಮಿರ್ಚಿ ಕಚ್ಚಿ ಒಂದು ಗುಟುಕು ಹಾಕಿದೆ:
ಎಣ್ಣೆ ಜಾರಿಹೋಗಿ, ಖಾರ ಮಾತ್ರ ಉಳಿಯಿತು
ಕಾಲುವೆಯಲ್ಲಿ ಮಿಂದೆದ್ದ ಹುಡುಗನ ಹಾಗೆ.

ಎರಡನೆಯದು ಕೆಂಪು, ದಾಂವ್ ಎಂಬ ಸೀಮೆಯದು.
ಅಲ್ಲಿಯೂ ನೆಲವೆಲ್ಲ ಗ್ರಾನೈಟಂತೆ, ನಮ್ಮ ಆನೆಗೊಂದಿಯ ಹಾಗೆ.
ಕಲ್ಲು ತಿಂದ ಬಳ್ಳಿ ಇಷ್ಟು ಮೆತ್ತನೆಯ ಹೂವಾಸನೆ
ಎಲ್ಲಿಂದ ತಂತೋ.
ಮೊದಲು ನೇರಳೆ, ನಂತರ ಅಡಿಕೆಯ ಒಗರು
ಒಸಡು ಹಿಡಿದು ಎಳೆಯಿತು.
ಅವಸರಪಟ್ಟು ಮತ್ತೆ ಮಿರ್ಚಿ ಕಚ್ಚಿದೆ. ಬಾಯಿ ಬಾಯ್ಲರಾಯಿತು.
ದುವಾರ್ತೆ ನಕ್ಕು, ತಾನು ಬಾಯೊಳಗೆ ತಿರುವಿ ತಿರುವಿ
ಬಕೆಟ್ಟಿಗೆ ಪಿಚಕ್ಕನೆ ಉಗಿದ.

ಇಷ್ಟು ದೂರ ಹೊತ್ತು ತಂದು ಉಗುಳುವುದೇ?
ನನಗೆ ಹೊಟ್ಟೆ ಉರಿಯಿತು.
ಮೌಲಾಸಾಬ ಎದ್ದು ಹೋಗಿ ಅವನ ಕೈ ಹಿಡಿದ.
"ನಾನೂ ಹಂಗ. ಮೂವತ್ತೆರಡು ವರ್ಷ ಇಲ್ಲಿ ಅಕ್ಕಿ ಅಗದೀನಿ,
ಒಂದು ಕಾಳೂ ನುಂಗಿಲ್ಲ."
ನಾನದನ್ನು ಹರಕು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ
ಇಬ್ಬರಿಗೂ ತಿಳಿದಾಗಿತ್ತು.

ಮೂರನೆಯದು ಬಿಳಿ ದ್ರಾಕ್ಷಿಯದೇ, ಬಣ್ಣ ಮಾತ್ರ ಜೇನು.
ಆಳೆತ್ತರದ ಮಣ್ಣಿನ ಗುಡಾಣದಲ್ಲಿ, ಸಿಪ್ಪೆ ಸಮೇತ,
ಒಳಮೈಗೆ ಮರದ ರಾಳ ಬಳಿದು ಹುದುಗಿಸಿದ್ದಂತೆ.
ದುವಾರ್ತೆ ಇದನ್ನು ಹೇಳುವ ಮೊದಲೇ
ಮೌಲಾಸಾಬ ಕಣ್ಣು ಮುಚ್ಚಿದ್ದ.
"ಲೋಬಾನ" ಅಂದ.
ಸ್ವಲ್ಪ ಹೊತ್ತಿಗೆ, "ಹಗೇವು."
"ನಮ್ಮಜ್ಜನ ಕಾಲದಾಗ ಹಗೇವು ತೆಗೆದರ ಮೊದಲು ದೀಪ ಇಳಸ್ತಿದ್ರು.
ದೀಪ ಆರಲಿಲ್ಲ ಅಂದ್ರ ಮನುಷ್ಯಾ ಇಳೀಬೇಕು.
ಇಳಿದವನ ಮೊದಲನೇ ಉಸಿರು ಇದು."
ಗ್ಲಾಸು ಕೆಳಗಿಡಲಿಲ್ಲ. ಕುಡಿಯಲೂ ಇಲ್ಲ.
ಹಿಂದೆ ಹೊಸ ಯಂತ್ರದ ಕೆಂಪು ದೀಪ ಮಿಣುಕುತ್ತಿತ್ತು,
ಅದಕ್ಕೆ ಬಣ್ಣವೊಂದೇ ಗೊತ್ತು.

ಉಳಿದದ್ದೆಲ್ಲ ನಾನೇ ಕುಡಿದೆ. ಖಾತೆ ಪುಸ್ತಕದಲ್ಲಿ
ಲಾರಿ ನಂಬರಿನ ಮೇಲೊಂದು ನೇರಳೆ ಬಳೆ ಇಂದಿಗೂ ಇದೆ.
ರುಚಿ? ನುಂಗಿದವನಿಗೆ ನೆನಪಿಲ್ಲ.

ಮೌಲಾಸಾಬನಿಗಿದೆ. ಈಗಲೂ ಒಮ್ಮೊಮ್ಮೆ
ಹಳೇ ಭತ್ತದ ಚೀಲ ಚುಚ್ಚಿ, ಮೂಸಿ, ತಡೆದು,
"ಮೂರನೇ ಬಾಟ್ಲಿ ಐತಿ ಇದು" ಅನ್ನುತ್ತಾನೆ.
ಕಾರಟಗಿಯ ದಲಾಲರು ಹೊಸ ತಳಿ ಇರಬೇಕೆಂದು
ಬೀಜ ಎಲ್ಲಿ ಸಿಗುತ್ತದೆ ಅಂತ
ನನ್ನನ್ನು ಕೇಳುತ್ತಾರೆ.