ಕಿವಿಗೊಡುವುದು

ಹಲ್ ನಗರದಲ್ಲಿ ನನ್ನದು ಕಿವಿಯ ಕೆಲಸ.
ಗಾಜಿನ ಬಾಗಿಲ ಪುಟ್ಟ ಕೋಣೆ, ಗೋಡೆಗೆ ಬೂದು ಸ್ಪಂಜು;
ಒಳಗೆ ಕೂತರೆ ಉಗುಳು ನುಂಗಿದ ಸದ್ದೂ
ನಿಮಗೇ ದೊಡ್ಡ ಸುದ್ದಿ.

ಸ್ಟೇದರ್ಸ್ ಬಂದದ್ದು ಜನವರಿಯಲ್ಲಿ.
ಎಪ್ಪತ್ತೆಂಟು. ಮೀನುಹಡಗಿನ ಎಂಜಿನ್ ಕೋಣೆಯಲ್ಲಿ ಹದಿನೈದು ವರ್ಷ,
ಆಮೇಲೆ ಮರ ಕೊಯ್ಯುವ ಮಿಲ್ಲು.
ಟೋಪಿ ಹಿಂಡುತ್ತಾ ಹೇಳಿದರು:
“ಯಾರೋ ಕೆಟಲ್ ಇಟ್ಟು ಮರೆತುಹೋಗಿದ್ದಾರೆ ತಾಯಿ,
ಎಡಗಿವಿಯೊಳಗೆ. ಹೋಗಿ ಆರಿಸಬಾರದೆ ಯಾರಾದರೂ?”

ಪರೀಕ್ಷೆ ಮಾಡಿದೆ. ಗ್ರಾಫಿನ ಗೆರೆ
ಮೇಲಿನ ಸ್ವರಗಳ ಹತ್ತಿರ ಬಾವಿಗೆ ಬಿದ್ದಿತ್ತು.
ಹಳೆಯ ಪೆಟ್ಟು. ಮೂವತ್ತು ವರ್ಷದ್ದಾದರೂ ಇರಬೇಕು.
“ಮತ್ತೆ ಈಗೇಕೆ?” ಅಂದರು.
ಮನೆಯಲ್ಲಿ ಯಾರಿದ್ದಾರೆ, ಅಂದೆ.
ಟೋಪಿ ಸುಮ್ಮನಾಯಿತು.

ಮೊರೀನ್ ಹೋದದ್ದು ನವೆಂಬರಿನಲ್ಲಿ.
ಅವಳ ರೇಡಿಯೋ ಅಡುಗೆಮನೆಯ ಕಿಟಕಿಯಲ್ಲೇ ಇದೆ,
ಮುಟ್ಟಿಲ್ಲ; ಅವಳು ಇಟ್ಟ ಸ್ಟೇಷನ್ನು ಸರಿದೀತೆಂದು.
ಗಡಿಯಾರದ ಬ್ಯಾಟರಿಯನ್ನೂ ತೆಗೆದರಂತೆ,
ಈ ಕೆಟಲನ್ನು ಸರಿಯಾಗಿ ಹಿಡಿಯಲು,
ಎಲ್ಲಿಂದ ಬರುತ್ತದೆ ನೋಡೇಬಿಡೋಣವೆಂದು
ರಾತ್ರಿಯಿಡೀ ಎದ್ದು ಕೂತು.

ನಾನು ಹೇಳಿದ್ದು ಇಷ್ಟೇ, ಎಲ್ಲರಿಗೂ ಹೇಳುವುದೇ:
ಸದ್ದು ಕಿವಿಯದ್ದು, ಅಬ್ಬರ ಕಾವಲಿನದ್ದು.
ಕತ್ತಲಲ್ಲಿ ಹಚ್ಚಿದ ಬತ್ತಿ ಮನೆಯೆಲ್ಲ ತುಂಬುತ್ತದೆ,
ಹಗಲಲ್ಲಿ ಅದೇ ಬತ್ತಿಯನ್ನು ಹುಡುಕಬೇಕು.
ಮನಸ್ಸು ಹಳೇ ಕಾಲದ ತಳವಾರ;
ಒಮ್ಮೆ ಕಳ್ಳ ಅಂದರೆ ಸಾಕು,
ದಿನಾ ರಾತ್ರಿ ಅದೇ ಬಾಗಿಲಿಗೆ ಕೋಲು ಕುಟ್ಟುತ್ತಾನೆ,
ತಾನು ಕುಟ್ಟಿದ್ದಕ್ಕೆ ತಾನೇ ಬೆಚ್ಚುತ್ತಾನೆ.
ಓಡಿಸಹೋಗಬೇಡಿ. ಮೌನದಲ್ಲಿ ಮಲಗಬೇಡಿ.
ಕಿಟಕಿ ಒಂದು ಗೇಣು ತೆರೆದಿಡಿ.

ಹೇಳುವುದು ಸುಲಭ.

ನನ್ನದೂ ಒಂದಿದೆ.
ಎರಡು ವರ್ಷದ ಹಿಂದೆ, ಟೀ ಕೋಣೆಯಲ್ಲಿ, ನಗುನಗುತ್ತಾ
ರೋವೆನಾಳನ್ನು ಕೇಳಿದ್ದೆ, ಈಗ ಎಷ್ಟನೇ ತಿಂಗಳು?
ಅವಳು ಹದಿನೈದು ದಿನ ರಜೆ ಮುಗಿಸಿ ಬಂದಿದ್ದಳು.
ಯಾತರ ರಜೆಯೆಂದು ನನಗೊಬ್ಬಳಿಗೇ ಗೊತ್ತಿರಲಿಲ್ಲ.
ಚಮಚವೊಂದು ಕಪ್ಪಿನೊಳಗೆ ನಿಂತುಹೋಯಿತು.
ಕ್ಷಮೆ ಕೇಳಿದೆ. ಮರುದಿನ ಮತ್ತೆ ಕೇಳಿದೆ.
ಮೂರನೆಯ ಸಲ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಯಿತು,
ಅದು ಇನ್ನೊಂದು ತಪ್ಪು.
ಈಗ ಯಾರ್ಕಿನಲ್ಲಿದ್ದಾಳೆ. ಮರೆತಿದ್ದಾಳೋ, ಇಲ್ಲವೋ.
ನನ್ನ ತಲೆಗೆ ಹುಳ ಬಿಟ್ಟವರು ಬೇರೆ ಯಾರೂ ಅಲ್ಲ,
ನಾನೇ ಸಾಕಿದ್ದು, ರೇಷ್ಮೆಹುಳದ ಹಾಗೆ,
ಹೊತ್ತುಹೊತ್ತಿಗೆ ಸೊಪ್ಪು ಹಾಕಿ.
ಇದುವರೆಗೆ ಒಂದೆಳೆ ನೂಲೂ ಕೊಟ್ಟಿಲ್ಲ.

ಏಪ್ರಿಲಿನಲ್ಲಿ ಸ್ಟೇದರ್ಸ್ ಮತ್ತೆ ಬಂದರು.
ಹೇಗಿದೆ ಕೆಟಲು, ಅಂದೆ.
ಮುಖ ಸಿಂಡರಿಸಿದರು: “ಇರಲಿಲ್ಲ ನೋಡಿ,
ನೀವು ಕೇಳುವವರೆಗೆ.”
ಇಬ್ಬರೂ ನಕ್ಕೆವು, ಸ್ಪಂಜು ಆ ನಗುವನ್ನು ಕುಡಿದುಬಿಟ್ಟಿತು.
ರೇಡಿಯೋ ಹಾಕಿದ್ದಾರಂತೆ. ಸ್ಟೇಷನ್ನು ಸರಿಯಲಿಲ್ಲ.
ನಸುಕಿನಲ್ಲಿ ಹಡಗುಗಳಿಗೆ ಗಾಳಿಯ ಸುದ್ದಿ ಹೇಳುವಾಗ
ಒಂದೊಂದು ದಿನ ಅಳು ಬರುತ್ತದಂತೆ.
“ಅದು ಬೇರೆ,” ಅಂದರು. “ಅದಕ್ಕೆ ಯಂತ್ರ ಬೇಡ.”

ನಮ್ಮ ಮಾತಿನಲ್ಲಿ ಕಿವಿಗೊಡುವುದು ಎನ್ನುತ್ತೇವೆ.
ಇಷ್ಟು ವರ್ಷ ಆಡಿದ ಮಾತು, ಒಡೆದು ನೋಡಿರಲಿಲ್ಲ.
ಕೊಡುವುದು ಅಂದಮೇಲೆ
ಕೈ ನನ್ನದು.
ಪೂರ್ತಿ ಅಲ್ಲ, ಒಂದೆರಡು ಬೆರಳು.

ಮೂರೂಕಾಲು. ಹಂಬರ್ ನದಿಯ ಮೇಲೆ ಮಂಜು,
ಯಾವುದೋ ಹಡಗು ಒಮ್ಮೆ ಕೂಗಿ ಸುಮ್ಮನಾಗುತ್ತದೆ.
ಚಮಚ ಬಂತು. ಕಪ್ಪಿನೊಳಗೆ ನಿಂತಿತು.
ಬಂದೆಯಾ, ಅಂದೆ. ಕೂರು ಅನ್ನಲಿಲ್ಲ.
ಬೀದಿಯ ತುದಿಯಲ್ಲಿ ಲಾರಿಯೊಂದು ಪೀಂ ಪೀಂ ಎಂದು ಹಿಂದಕ್ಕೆ ಸರಿಯುತ್ತಿದೆ,
ಎಷ್ಟು ಹೊತ್ತಾದರೂ ಮುಗಿಯುತ್ತಿಲ್ಲ.
ಕಿಟಕಿ ಒಂದು ಗೇಣು ತೆರೆದೇ ಇದೆ.
ಚಳಿ. ಎದ್ದು
ಇನ್ನೊಂದು ಕಂಬಳಿ ತರಬೇಕು.