ಕೈ ಬಿಡೂ ಕಸುಬು

ರಾತ್ರಿ ಎರಡು. ಗಂಜಿನ ಹಿಂದಿನ ಕಾಟಾದ ಮ್ಯಾಲ
ಲಾರಿ ಇಲ್ಲ. ನಾಯಿ ಒಂದು ನಿಂತು ಹೋದ್ರ
ಕೆಂಪು ಅಂಕಿ ಇಪ್ಪತ್ತು ಕಿಲೋ ಅಂತದ.
ತೊಗರಿ ಹೊಟ್ಟಿನ ಧೂಳು ಟೇಬಲ್ ಮ್ಯಾಲ, ಕಿವ್ಯಾಗ,
ಚಹಾದ ಕಪ್ಪಿನ್ಯಾಗ.
ಫೋನು ಪಾವತಿ ಪುಸ್ತಕಕ್ಕ ಆನಿಸಿ ಇಟ್ಟೀನಿ.
ಅದರಾಗ ಆಕಿ ಕುಂತಾಳ.

ಅರವತ್ತರ ಹೆಂಗಸು, ಬೂದಿ ಬಣ್ಣದ ಸ್ವೆಟರ್.
ಯಾವ ದೇಶದಾಕಿನೋ. ಹೆಸರು ನನ್ನ ನಾಲಗಿಗಿ ಹತ್ತಂಗಿಲ್ಲ,
ಸ್ವೆಟರ್ ಆಯಿ ಅಂತೀನಿ.
ಪೋಕರ್ ಆಡೂದೇ ಆಕಿ ಹೊಟ್ಟಿಪಾಡು.
ಮುಂದ ಲಕ್ಷದ ಬಿಲ್ಲಿ ರಾಶಿ ಬಿದ್ದರೂ ಹುಬ್ಬು ಏಳಂಗಿಲ್ಲ.
ಎರಡು ಎಲಿ, ಮೂಲಿ ಅಷ್ಟೇ ಎತ್ತಿ ನೋಡ್ತಾಳ,
ಕೂಸು ಮಲಗ್ಯಾದೋ ಇಲ್ಲೋ ಅಂತ
ಕೌದಿ ಎತ್ತಿ ನೋಡಿದಂಗ.
ಆಮ್ಯಾಲ ಬಿಡ್ತಾಳ.
ಮತ್ತ ಬಿಡ್ತಾಳ.
ಬದಾಮ ರಾಣಿ ಬಂದ್ರೂ ಬಿಡ್ತಾಳ.
ಒಂದು ತಾಸಿನ್ಯಾಗ ಆಕಿ ಆಡಿದ್ದು ಮೂರೇ ಕೈ.

ನಮ್ಮ ಕಡಿ ಕೈ ಕೊಟ್ಟ, ಕೈ ಬಿಟ್ಟ, ಕೈ ಎತ್ತಿದ
ಎಲ್ಲಾ ಬೈಗಳ.
ಬಿಡೂದೂ ಒಂದು ಕಸುಬು ಅಂತ
ಯಾರೂ ಹೇಳಿರಲಿಲ್ಲ ನನಗ.

ಇಸ್ಪೀಟು ಮನಿಗಿ ಹೊಸಾದಲ್ಲ ಬಿಡ್ರಿ.
ಅಂಬಾರಾಯ ಮಾವ ಒಂದೇ ದೀಪಾವಳಿಗಿ
ಲೂನಾ ಗಾಡಿ, ಮೂರು ತೊಲಿ, ಆಮ್ಯಾಲ ಮಾತು ಕಳಕೊಂಡ.
ಎಲಿ ಅಂದ್ರ ತಿನ್ನೂ ಎಲಿ ಅಷ್ಟೇ ಅಂತಾಳ ಅವ್ವ, ಇವತ್ತಿಗೂ.
ಅದಕ್ಕ ನಾ ರೂಪಾಯಿ ಹಚ್ಚಂಗಿಲ್ಲ.
ತೊಗರಿ ಕಾಳು ಹಚ್ಚಿ ನನ್ನ ಜೋಡಿ ನಾನೇ ಆಡ್ತೀನಿ,
ಸೋತ ಕಾಳು ಮುಂಜಾನಿ ಗುಬ್ಬಿಗಿ.

ಅಪ್ಪ ದನದ ಸಂತ್ಯಾಗ ದಲಾಲಿ.
ಟವೆಲ್ ಕೆಳಗ ಬೆರಳು ಹಿಡಿದು ರೇಟ್ ಮುರಿಯೋನು.
ಕೆಳಗ ಜಗ್ಗಾಟ ನಡದಿದ್ರೂ
ಮ್ಯಾಲ ಮುಖ ಶಹಾಬಾದ್ ಕಲ್ಲು.
ಆ ಮುಖ ನನಗ ಬರಲಿಲ್ಲ. ಮೂಗಿನ ತುದಿಗೇ ಸಿಟ್ಟು.
ಎರಡು ನೌಕರಿ ಅದರಾಗೇ ಹೋದವು.

ನಿನ್ನಿ ರಾತ್ರಿ ಒಬ್ಬ ಬಂದ, ಹದಿನಾಲ್ಕು ಟನ್ ಮಾಲು.
ಐನೂರರ ನೋಟು ಚೀಟಿ ಕೆಳಗ ಸರಿಸಿ
ಎರಡು ಕ್ವಿಂಟಲ್ ಜಾಸ್ತಿ ಬರಿ ಅಂದ.
ಬರಿಲಿಲ್ಲ.
ಮಾಲಕಗ ಫೋನ್ ಹಚ್ಚಲೇನು, ನಾಳಿ ನೀ ಇಲ್ಲಿ ಇರಂಗಿಲ್ಲ ಅಂದ.
ಹಿಂದಿನ ನಾನಾಗಿದ್ರ ಕಾಲರ್ ಹಿಡಿತಿದ್ದೆ.
ಕೌದಿ ಮೂಲಿ ಎತ್ತಿ ನನ್ನ ಎಲಿ ನೋಡಿಕೊಂಡೆ:
ಕಾಟಾ ಖರೆ ಅದ. ಚೀಟಿ ಖರೆ ಅದ.
ಅಷ್ಟೇ ಇದ್ದದ್ದು ನನ್ನ ಹತ್ರ.
ಹಚ್ಚರಿ, ಅಂದೆ.
ಅವನ ಬೆರಳು ಫೋನಿನ ಮ್ಯಾಲ ನಿಂತೇ ನಿಂತಿತು.
ರೋಡಿನ್ಯಾಗ ಒಂದು ಲಾರಿ ದಾಟಿತು. ಇನ್ನೊಂದು.
ಫೋನು ಕಿಸೆದಾಗ ಇಟ್ಟ. ನೋಟೂ.

ಗೆದ್ದೆ ಅಂತ ಹೇಳಂಗಿಲ್ಲ.
ಆಟದಾಗ ಕೊನಿ ಎಲಿಗಿ ಹೊಳಿ ಅಂತ ಹೆಸರದಂತ.
ಖರೆ ಹೆಸರು. ಭೀಮಾ ದಂಡಿ ಮಂದಿನ್ನ ಕೇಳ್ರಿ,
ಲೆಕ್ಕ ಸರಿ ಹಾಕಿ ನಿಂತವನ್ನೂ ಒಯ್ತದ ಅದು.
ಮಾಲಕ ಇನ್ನೂ ಏನೂ ಅಂದಿಲ್ಲ.
ನಾಳಿ ಅನ್ನಬಹುದು.

ಇವತ್ತ ಸ್ವೆಟರ್ ಆಯಿನ್ನೂ ಹೊಳಿ ಒಯ್ತು.
ಸರಿ ಆಡಿದ್ಲು. ಎದುರಿನ ಹುಡುಗಗ
ಬೇಕಾದ ಒಂದೇ ಎಲಿ ಬಂತು.
ಬಿಲ್ಲಿ ಎಲ್ಲಾ ಆ ಕಡಿ ಸರದವು.
ಆಕಿ ಅವನ ಕೈ ಕುಲುಕಿ, ನೀರಿನ ಬಾಟಲಿ ತಗೊಂಡು,
ಹೋಗೂಮುಂದ ಕುರ್ಚಿ ಒಳಗ ತಳ್ಳಿದಳು.
ಅದನ್ನ ನಾಕು ಸಲ ಹಿಂದಕ್ಕ ಎಳೆದು ನೋಡಿದೆ,
ಕುರ್ಚಿ ತಳ್ಳೂದು.

ಹಾರ್ನು. ಕಣ್ಣಿಗಿ ಲೈಟು.
ಜೇವರ್ಗಿ ಕಡಿಂದ ಲಾಡ್ಲೇಸಾಬನ ಗಾಡಿ.
ನಾಯಿನ್ನ ಕಾಟಾದಿಂದ ಇಳಿಸಿದೆ.
ಅಂಕಿ ನಡುಗಿ, ನಡುಗಿ,
ಸೊನ್ನಿಗಿ ಬಂದು ನಿಂತಿತು.
ಬಾ ಅಂದೆ.